ಉದ್ದ ಸೀಟಿನ ಕಾರು

ಶ್ವೇತಾಳ ಕಾರಿನಲ್ಲಿ ಕೂರಬೇಕಾದರೆ ಬಾವಿಯ ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು. ಅಷ್ಟು ತಗ್ಗು ಅದರ ಸೀಟು. ಮೊಣಕಾಲು ನೋವಿನ ನಾನು ಬಾಗಿಲಿನ ಅಂಚು ಹಿಡಿದು, ಮೊದಲು ಕುಳಿತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ತಂದುಕೊಳ್ಳುತ್ತೇನೆ. ಶ್ವೇತಾ ನನ್ನ ಚಿಕ್ಕಪ್ಪನ ಮೊಮ್ಮಗಳು. ತನ್ನ ಅಪ್ಪ ತೀರಿಕೊಂಡ ಮೇಲೆ ಅವರ ತೊಗರಿಬೇಳೆ ಮಿಲ್ಲನ್ನು ಒಬ್ಬಳೇ ನಡೆಸುತ್ತಾಳೆ. ಮೂವತ್ತೈದರ ಹುಡುಗಿ, ಮಾತು ಕಡಿಮೆ, ಮದುವೆ ಬೇಡವೆಂದು ಹೇಳಿ ಮನೆಯವರ ಬಾಯಿ ಮುಚ್ಚಿಸಿದವಳು. ಹೋದ ಚಳಿಗಾಲದ ಒಂದು ಭಾನುವಾರ ಬ್ರಹ್ಮಪುರದ ನಮ್ಮ ಓಣಿಯ ಬಾಯಿಯಲ್ಲಿ ಕಾರು ನಿಲ್ಲಿಸಿ, ನಡೆದು ಮನೆಗೆ ಬಂದು, ಕಮಲಾಪುರದಲ್ಲಿ ತೊಗರಿ ನೋಡಿ ಬರುವುದಿದೆ, ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನನ್ನನ್ನು ಯಾರಾದರೂ ಎಲ್ಲಿಗಾದರೂ ಕರೆಯುವುದು ಅಪರೂಪ. ಸೀರೆಯನ್ನೂ ಬದಲಿಸದೆ ಹೊರಟೆ.

ಗುಂಡಿ ಒತ್ತಿದರೆ ಆ ಕಾರು ಗುರುಗುಟ್ಟುತ್ತದೆ. ಊರು ದಾಟುವ ತನಕ ಅದನ್ನು ಹಿಡಿದು ಹಿಡಿದು ಓಡಿಸಿದ ಶ್ವೇತಾ, ರಸ್ತೆ ಬಿಚ್ಚಿಕೊಂಡದ್ದೇ ಕಾಲು ಒತ್ತಿದಳು. ನನ್ನ ಬೆನ್ನು ಹಿಂದಕ್ಕೆ ಅಂಟಿತು. ಸೀಟಿನ ಎರಡೂ ಬದಿ ನನ್ನ ಪಕ್ಕೆಗಳನ್ನು ಹಿಡಿದುಕೊಂಡವು. ಹೊರಗೆ ಹೊಲಗಳು ಹೊಲಗಳಾಗಿ ಉಳಿಯಲಿಲ್ಲ, ಕಂದು ಬಣ್ಣದ ಒಂದು ಪಟ್ಟಿಯಾದವು. ಒಳಗೆ ಮಾತ್ರ ಗಾಜಿನ ಡಬ್ಬಿಯಲ್ಲಿಟ್ಟ ಹಾಗೆ ನಿಶ್ಶಬ್ದ. ಮಹಾಗಾಂವದ ಹತ್ತಿರ ಎಡಗಡೆಯ ದಾರಿಯಿಂದ ಒಬ್ಬ ಬೈಕಿನವನು ರಸ್ತೆಗೆ ಏರುತ್ತಿದ್ದ. ನನಗೆ ಗೊತ್ತಾಗುವ ಮೊದಲೇ ನನ್ನ ಬಲಗೈ ಶ್ವೇತಾಳ ತೋಳಿನ ಕಡೆಗೆ ಹೋಗಿ, ನಡುವೆ ಎದ್ದು ನಿಂತ ಗೇರಿನ ದಿಂಡಿಗೆ ಬಡಿಯಿತು. ಎಡಕ್ಕ ಬೈಕ್ ಎಂದೆ. ಅವಳಾಗಲೇ ವೇಗ ತಗ್ಗಿಸಿದ್ದಳು. ಕನ್ನಡಿಯಲ್ಲಿ ಹೊತ್ತಿಕೊಂಡ ಕಿತ್ತಳೆ ಬಣ್ಣದ ಸಣ್ಣ ದೀಪವನ್ನು ತೋರಿಸಿ ಹೇಳಿದಳು:

"ಬಾಜೂಕ ಯಾರರೆ ಬಂದ್ರ ಕಾರೇ ಹೇಳ್ತದ ಅತ್ತಿ. ನೀವು ಆರಾಮ ಕೂಡ್ರಿ."

ಬೈದು ಹೇಳಿದ್ದಲ್ಲ ಅದು. ಸ್ವಲ್ಪ ಹೊತ್ತಾದ ಮೇಲೆ, ನಿಮ್ಮ ಮನೆಯಲ್ಲಿ ಹಿಂದೆ ಒಂದು ಸಣ್ಣ ಕಾರಿತ್ತಂತಲ್ಲ, ಅದಕ್ಕೂ ಇದಕ್ಕೂ ಎಷ್ಟು ಫರಕು ಎಂದು ಕೇಳಿದಳು. ಹೊಸ ಕಾರು ಕೊಂಡವರು ಕೇಳುವ ಪ್ರಶ್ನೆಯೇ. ನಾನೂ ಎಲ್ಲರೂ ಹೇಳುವುದನ್ನೇ ಹೇಳಿದೆ: ಇದರ ವೇಗ, ಅದರ ಸದ್ದು, ಇದರ ತಂಪು, ಅದರ ಸೆಕೆ. ಅವಳಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾರು ಬೂದಿ ಬಣ್ಣದ್ದು. ಸ್ಟೇಷನ್ ಕಡೆಯ ಒಬ್ಬ ಮುದಿ ಡಾಕ್ಟರು ಊರು ಬಿಡುವಾಗ ಮಾರಿದ್ದನ್ನು ಅಪ್ಪ ಕೊಂಡಿದ್ದ. ಶ್ವೇತಾಳ ಕಾರನ್ನು ಓಡಿಸುವ ಸುಖಕ್ಕೆಂದೇ ಮಾಡಿದ್ದಾರೆ. ಹಿಂದಿನ ಸೀಟು ಹೆಸರಿಗೆ ಮಾತ್ರ, ಅಲ್ಲಿ ಅವಳ ಬೇಳೆಯ ಸ್ಯಾಂಪಲ್ ಚೀಲಗಳು ಕೂರುತ್ತವೆ. ನಮ್ಮದನ್ನು ಕಡಿಮೆ ಪೆಟ್ರೋಲಿನಲ್ಲಿ ಒಂದು ಸಂಸಾರವನ್ನು ಊರು ಮುಟ್ಟಿಸಲಿ ಎಂದು ಮಾಡಿದ್ದರು. ಬೆಳಿಗ್ಗೆ ಚೋಕ್ ಎಳೆದು ಎಬ್ಬಿಸಬೇಕು. ಕೆಲವು ದಿನ ತಳ್ಳಬೇಕು. ಬಿಸಿಲಿನಲ್ಲಿ ಪೆಟ್ರೋಲು ನಳಿಗೆಯಲ್ಲೇ ಕುದ್ದು ಇಂಜಿನ್ನು ನಿಂತುಬಿಡುತ್ತಿತ್ತು. ಆಗ ಬಾನೆಟ್ ಎತ್ತಿ, ಒದ್ದೆ ಬಟ್ಟೆ ಹೊದಿಸಿ, ಬೇವಿನ ಮರದ ಕೆಳಗೆ ಕೂತು ಅದರ ಸಿಟ್ಟು ಇಳಿಯುವುದನ್ನು ಕಾಯಬೇಕು. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕಕ್ಕೇ ಇತ್ತು. ಹಾಗಾಗಿ ಮುಂದಿನ ಸೀಟು ಈ ಬಾಗಿಲಿಂದ ಆ ಬಾಗಿಲಿನವರೆಗೆ ಒಂದೇ ಉದ್ದ, ನಮ್ಮ ಪಡಸಾಲೆಯ ಬೆಂಚಿನ ಹಾಗೆ. ಮೂರು ಜನ ಮೈಗೆ ಮೈ ತಾಗಿಸಿ ಕೂರಬಹುದಿತ್ತು. ಎಡಗಡೆ ಹೊರಗೆ ಕನ್ನಡಿಯೇ ಇರಲಿಲ್ಲ. ಆ ಕನ್ನಡಿಯ ಕೆಲಸವನ್ನು, ಬಲಗಡೆಯ ಕನ್ನಡಿಯ ಕೆಲಸವನ್ನೂ, ಎರಡು ವರ್ಷ ನಾನು ಮಾಡಿದೆ. ನನಗಾಗ ಹನ್ನೊಂದು.

ಬ್ರಹ್ಮಪುರದ ಆ ಮನೆಯಲ್ಲಿ ನಾವು ಮೂರೇ ಜನ. ಬಾಗಿಲುಗಳು ಗಿಡ್ಡ, ಗೋಡೆಗಳು ದಪ್ಪ, ನೆಲಕ್ಕೆ ಕಲ್ಲಿನ ಪರಸಿ. ಬೀದಿಗೆ ಪಡಸಾಲೆ, ಅದರ ಹಿಂದೆ ಕತ್ತಲೆಯ ನಡುಮನೆ, ಅದರ ಹಿಂದೆ ಒಂದೇ ಒಂದು ಗವಾಕ್ಷಿಯಿದ್ದ ಅಡುಗೆಮನೆ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಹೊಲಗದ್ದೆಗಳ ನಕಾಶೆ ಬರೆಯುತ್ತಿದ್ದ. ಕೂದಲಿನಷ್ಟು ತೆಳುವಾದ ಗೆರೆಯನ್ನು ಉಸಿರು ಹಿಡಿದು ಎಳೆಯುವ ಕೈ ಅವನದು. ಮನೆಗೂ ಕಾಗದ ತಂದು ಪಡಸಾಲೆಯ ಬೆಳಕಿನಲ್ಲಿ ಬರೆಯುತ್ತಿದ್ದ. ಅವ್ವ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಗಟ್ಟಿ ದನಿ, ಚುರುಕು ನಡಿಗೆ. ಓಣಿಯ ಹೆಂಗಸರು ಅವಳ ಮುಂದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಇಬ್ಬರೂ ಒಳ್ಳೆಯವರು, ಇಬ್ಬರೂ ಸ್ವಾಭಿಮಾನಿಗಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಇಬ್ಬರ ನಡುವೆ ಮಾತು ನಿಂತುಹೋಗುತ್ತ ಬಂದಿತ್ತು.

ಅದು ಒಂದೇ ಜಗಳದಿಂದ ನಿಂತದ್ದಲ್ಲ. ಊಟಕ್ಕೆ ಕೂತಾಗ ಅವ್ವ ಪಕ್ಕದಿಂದ ರೊಟ್ಟಿ ಚಾಚುತ್ತಿದ್ದಳು. ಅಪ್ಪ ಎದುರಿನ ಗೋಡೆ ನೋಡುತ್ತ ಕೂತೇ ಇರುತ್ತಿದ್ದ. ಅವಳ ಕೈ ಗಾಳಿಯಲ್ಲಿ ನಿಂತು ನಿಂತು ಸೋತು, ರೊಟ್ಟಿಯನ್ನು ತಾಟಿನ ಅಂಚಿಗೆ ಬಿಸಾಕುತ್ತಿತ್ತು. ಒಂದು ಪಂಚಮಿಗೆ ಅವ್ವ ಮೂರು ದಿನ ದುಡಿದು ಮಾಡಿದ ಉಂಡಿಗಳನ್ನು ಹೊಸಿಲ ಪಕ್ಕದಲ್ಲಿ ಬುಟ್ಟಿಯಲ್ಲಿಟ್ಟಿದ್ದಳು. ಅಪ್ಪ ನಡೆದು ಬಂದವನು ಬುಟ್ಟಿಯನ್ನು ಕಾಲಿನಿಂದ ಒದ್ದ. ಉಂಡಿಗಳು ಪರಸಿಯ ಮೇಲೆ ಒಡೆದು ಹರಡಿದವು. ಬಗ್ಗಿ ಆಯುವ ಬದಲು ಅವನು ಸುಮ್ಮನೆ ನಿಂತ, ಆಮೇಲೆ ಹೊರಗೆ ಹೋದ. ಅವ್ವನ ಅಣ್ಣ ಆಳಂದದಿಂದ ಬಂದಾಗ, ಬಾಗಿಲ ಪಕ್ಕದಲ್ಲಿ ಕೈಮುಗಿದು ನಿಂತವನ ಮುಂದೆಯೇ ಅಪ್ಪ ಒಂದು ಮಾತಿಲ್ಲದೆ ಹಾದು ಹೋದ. ಆ ಮಾವ ಮತ್ತೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅವ್ವ ಎಲ್ಲವನ್ನೂ ಲೆಕ್ಕದ ಮೇಷ್ಟ್ರ ಹಾಗೆ ನೆನಪಿಟ್ಟಳು, ಬಾಯಿ ಮಾತ್ರ ಬಿಡಲಿಲ್ಲ. ಏನಾದರೂ ಹೇಳಬೇಕಾದರೆ ನನ್ನ ಕಡೆ ತಿರುಗಿ, ನಿಮ್ಮಪ್ಪಗ ಹೇಳು, ಎನ್ನುತ್ತಿದ್ದಳು. ಅಪ್ಪ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದ. ಅವನೂ ನನ್ನನ್ನೇ ನೋಡಿ, ನಿಮ್ಮವ್ವಗ ಹೇಳು, ಎನ್ನುತ್ತಿದ್ದ. ನಾನು ಇಬ್ಬರಿಗೂ ಕೇಳಿಸಿದ್ದನ್ನೇ ಇಬ್ಬರಿಗೂ ಇನ್ನೊಮ್ಮೆ ಹೇಳುತ್ತಿದ್ದೆ.

ಆಗಲೇ ಅವ್ವನಿಗೆ ಕಮಲಾಪುರದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಅವಳು ಯಾರನ್ನೂ ಕೇಳದೆ ಒಪ್ಪಿಕೊಂಡಳು. ಅಲ್ಲೇ ಒಂದು ಕೋಣೆ ಹಿಡಿದು, ಶನಿವಾರ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುವುದೆಂದಾಯಿತು. ನನ್ನನ್ನು ಜೊತೆಗೆ ಕರೆದೊಯ್ಯುವಳೆಂದು ನಾನು ಒಂದು ವಾರ ಕಾದೆ. ನನ್ನ ಶಾಲೆ ಕೆಡುತ್ತದೆ ಎಂದು ಹೇಳಿ ಬಿಟ್ಟುಹೋದಳು. ಪಕ್ಕದ ಮನೆಯ ಗುರುಬಾಯಿ ರೊಟ್ಟಿ ಬಡಿದು ಕೊಡುತ್ತಿದ್ದಳು, ಅನ್ನ ನಾನು ಮಾಡುತ್ತಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ನನ್ನ ಕಾಲಿನ ಸಪ್ಪಳ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅಪ್ಪ ಕತ್ತಲಾದ ಮೇಲೆ ಪಡಸಾಲೆ ಬಿಟ್ಟು ಏಳುತ್ತಲೇ ಇರಲಿಲ್ಲ. ಎದ್ದರೆ ಗೋಡೆ ಸವರುತ್ತ ನಡೆಯುತ್ತಿದ್ದ. ಅದು ಅವನ ಚಾಳಿ ಎಂದುಕೊಂಡಿದ್ದೆ.

ಅವ್ವ ಹೋದ ಎರಡನೆಯ ತಿಂಗಳು ಅಪ್ಪ ಕಾರು ತಂದ. ಓಣಿಗೆ ಓಣಿಯೇ ನೋಡಲು ಬಂತು. ಹರೆಯದಲ್ಲಿ ಯಾರದೋ ಜೀಪು ಓಡಿಸಿ ಕಲಿತಿದ್ದನಂತೆ. ಶನಿವಾರ ಅವಳನ್ನು ಬಸ್ಸಿಗೆ ಕಾಯಿಸದೆ ತಾನೇ ಕರೆತರಬೇಕೆಂಬುದು ಅವನ ಆಸೆ. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ನನ್ನ ಹತ್ತಿರವೂ ಇಲ್ಲ. ಕಾರು ಬಂದ ಮೊದಲ ದಿನವೇ ಓಣಿ ತಿರುಗುವಾಗ ಎಡಗಡೆಯ ಕಟ್ಟೆಗೆ ಉಜ್ಜಿದ. ಮರುದಿನ ಬಲಗಡೆ ನಿಂತಿದ್ದ ತಳ್ಳುಗಾಡಿಗೆ ತಾಗಿಸಿದ. ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಪಡಸಾಲೆಗೆ ಕರೆದು, ಬಾಗಿಲು ಎಳೆದು ಮುಚ್ಚಿದ. ಒಂದು ನಕಾಶೆಯ ಕಾಗದವನ್ನು ಸಣ್ಣ ಕೊಳವೆಯ ಹಾಗೆ ಸುತ್ತಿ ನನ್ನ ಕೈಗೆ ಕೊಟ್ಟು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಇದರೊಳಗೆ ನೋಡು ಎಂದ. ನೋಡಿದೆ. ಗೋಡೆಯ ಗಡಿಯಾರ ಕಂಡಿತು. ಗಡಿಯಾರದ ಅಂಕಿಗಳೂ ಚೆನ್ನಾಗಿ ಕಂಡವು. ಆದರೆ ಗೋಡೆ ಇಲ್ಲ, ಬಾಗಿಲು ಇಲ್ಲ, ಪಕ್ಕದಲ್ಲೇ ನಿಂತ ಅಪ್ಪ ಇಲ್ಲ.

"ಇಷ್ಟೇ ಕಾಣ್ತದ ನನಗ. ಬಾಜೂಕಿಂದು ಏನೂ ಕಾಣಂಗಿಲ್ಲ. ಸಂಜಿಕ ಇದೂ ಕಾಣಂಗಿಲ್ಲ."

ಸೊಲ್ಲಾಪುರದ ಡಾಕ್ಟರಿಗೆ ಯಾರಿಗೂ ತಿಳಿಯದ ಹಾಗೆ ತೋರಿಸಿಯೂ ಬಂದಿದ್ದ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ಔಷಧವಿಲ್ಲ ಎಂದಿದ್ದರಂತೆ. ನಡುವಿನ ದೃಷ್ಟಿ ಗಟ್ಟಿಯಿದ್ದುದರಿಂದ ಕಚೇರಿಯಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲ; ಗೆರೆಗಳು ಇನ್ನೂ ನೆಟ್ಟಗೇ ಇದ್ದವು. ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಕೂತು ಎಡಬಲ ನೋಡಿ ಹೇಳುತ್ತೀಯಾ ಎಂದು ಕೇಳಿದ. ನಾನು ಹೂಂ ಎಂದೆ. ಆಮೇಲೆ ಹೇಳಿದ:

"ನಿಮ್ಮವ್ವಗ ಹೇಳಬ್ಯಾಡ. ಕುರುಡನ ಜೋಡಿ ಇದ್ದೀನಿ ಅಂತ ಆಕಿ ಮರುಗಬಾರ್ದು."

ಅದಕ್ಕೂ ಹೂಂ ಎಂದೆ. ಇವತ್ತು ಯೋಚಿಸಿದರೆ ಅವನು ನನ್ನ ಮೇಲೆ ಹೊರಿಸಿದ್ದು ಎಂಥದೆಂದು ಸಿಟ್ಟು ಬರುತ್ತದೆ. ಕಣ್ಣು ಮುಚ್ಚಿಹೋಗುತ್ತಿರುವ ಮನುಷ್ಯ ರಸ್ತೆಗೆ ಕಾರು ಇಳಿಸಬಾರದಿತ್ತು. ಮಗಳನ್ನು ನಂಬಿ ಇಳಿಸಿದ್ದಂತೂ ಇನ್ನೂ ತಪ್ಪು. ಆದರೆ ಆವತ್ತು ನನ್ನೊಳಗೆ ಹಿಡಿಸಲಾರದಷ್ಟು ಹಿಗ್ಗು. ಆ ಮನೆಯಲ್ಲಿ ಮೊದಲ ಸಲ ಒಬ್ಬರು ನನ್ನನ್ನು ನನಗಾಗಿ ಕರೆದಿದ್ದರು, ಇನ್ನೊಬ್ಬರಿಗೆ ಹೇಳಿ ಕಳಿಸಲಿಕ್ಕಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವಳೇ ಕಾರು ಹತ್ತುತ್ತಿದ್ದೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟು ತೊಡೆ ಸುಡುತ್ತಿತ್ತು. ಮುಂದಿನ ಗಾಜಿಗೆ ಮೂಗು ಹತ್ತಿಸಿ ಕೂತು, ಎಡಕ್ಕ ಎಮ್ಮಿ, ಬಲಕ್ಕ ಲಾರಿ, ಎಡಕ್ಕ ಸಾಲಿ ಹುಡುಗೂರು, ಎಂದು ಇಡೀ ದಾರಿ ಹೇಳುತ್ತಿದ್ದೆ. ಇಂಜಿನ್ನಿನ ಸದ್ದಿಗೆ ಕೂಗಿಯೇ ಹೇಳಬೇಕಿತ್ತು. ಕಾರು ನಿಧಾನ ಇದ್ದುದರಿಂದ ನಾವು ಬದುಕಿದೆವು ಎಂದು ಈಗ ಅನಿಸುತ್ತದೆ. ಶ್ವೇತಾಳ ಕಾರಿನಲ್ಲಿ ಒಂದು ಎಮ್ಮೆಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಎಮ್ಮೆ ಹಿಂದೆ ಉಳಿದಿರುತ್ತದೆ. ನಮ್ಮದರಲ್ಲಿ ಎಮ್ಮೆಯನ್ನು ನೋಡಿ, ಹೇಳಿ, ಅಪ್ಪ ಬ್ರೇಕಿನ ಮೇಲೆ ಕಾಲಿಟ್ಟು, ಎಮ್ಮೆ ಯೋಚನೆ ಮಾಡಿ ಪಕ್ಕಕ್ಕೆ ಸರಿಯುವುದಕ್ಕೂ ವೇಳೆ ಇತ್ತು.

ಬರುವಾಗ ಅವ್ವ ಹಿಂದಿನ ಸೀಟಿನಲ್ಲಿರುತ್ತಿದ್ದಳು, ಕೂಗುವ ಹಾಗಿರಲಿಲ್ಲ. ಅದಕ್ಕೆ ಅಪ್ಪ ಒಂದು ಸನ್ನೆ ಹೇಳಿಕೊಟ್ಟ. ಅವನ ಎಡಗೈ ಗೇರಿನ ಕಡ್ಡಿಯ ಮೇಲಿರುತ್ತಿತ್ತು. ಎಡಕ್ಕೆ ಏನಾದರೂ ಬಂದರೆ ಆ ತೋಳನ್ನು ಒಂದು ಸಲ ಒತ್ತಬೇಕು, ಬಲಕ್ಕಾದರೆ ಎರಡು ಸಲ, ನಿಲ್ಲಿಸಬೇಕಾದರೆ ಬಿಗಿಯಾಗಿ ಹಿಡಿದುಕೊಳ್ಳಬೇಕು. ನಾನು ಅವನಿಗೆ ಅಂಟಿಕೊಂಡು ಕೂತು ದಾರಿಯುದ್ದಕ್ಕೂ ಅವನ ತೋಳು ಒತ್ತುತ್ತಿದ್ದೆ. ಹಿಂದೆ ಅವ್ವ ಒಬ್ಬಳೇ, ಮಡಿಲಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಇಟ್ಟುಕೊಂಡು ಕೂತಿರುತ್ತಿದ್ದಳು. ಅವಳಿಗೆ ಕಾಣುತ್ತಿದ್ದುದು ಏನು? ವಾರಕ್ಕೊಮ್ಮೆ ಸಿಗುವ ಮಗಳು ತಾನು ಕಾರು ಹತ್ತಿದರೂ ತಿರುಗಿ ನೋಡುವುದಿಲ್ಲ, ಅಪ್ಪನ ತೋಳು ಬಿಡುವುದಿಲ್ಲ. ಒಮ್ಮೆ ಏನೋ ಕೇಳಿದಳು. ನಾನು ರಸ್ತೆಯಿಂದ ಕಣ್ಣು ತೆಗೆಯದೆ ಹೂಂ ಎಂದೆ. ಆ ಮೇಲೆ ಅವಳು ಕೇಳಲಿಲ್ಲ. ಸೋಮವಾರ ನನಗೆ ಶಾಲೆ, ನಾನಿಲ್ಲದೆ ಅಪ್ಪ ಓಡಿಸಲಾರ. ಹಾಗಾಗಿ ಅವಳು ಬಸ್ಸಿಗೇ ಹೋಗಬೇಕು. ಕರೆತರುತ್ತಾನೆ, ಬಿಟ್ಟು ಬರುವುದಿಲ್ಲ, ಇದೆಲ್ಲ ಮಂದಿಗೆ ತೋರಿಸುವುದಕ್ಕೆ ಎಂದು ಅವ್ವ ಗುರುಬಾಯಿಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗೆಳತಿಯರ ಜೊತೆ ಆಡುವುದನ್ನೂ ಬಿಟ್ಟೆ. ಮಾತಿನ ಭರದಲ್ಲಿ ಬಾಯಿ ತಪ್ಪೀತೆಂಬ ಭಯ. ಹೇಳಬಾರದ ಒಂದು ಸಂಗತಿ ಇದ್ದರೆ ಉಳಿದ ಮಾತುಗಳೂ ಕಡಿಮೆಯಾಗುತ್ತವೆ ಎಂಬುದು ನನಗೆ ಆ ವಯಸ್ಸಿನಲ್ಲೇ ಗೊತ್ತಾಯಿತು.

ಹೀಗೆ ಎರಡು ವರ್ಷ ನಡೆಯಿತು. ಎರಡನೆಯ ವರ್ಷದ ಚಳಿಗಾಲದಲ್ಲಿ ಒಂದು ಶನಿವಾರ ಅವ್ವನ ಶಾಲೆಗೆ ಮೇಲಿನವರು ತಪಾಸಣೆಗೆ ಬಂದಿದ್ದರು. ನಾವು ಗೇಟಿನ ಹೊರಗೆ ಕಾದೆವು. ನಾಲ್ಕಾಯಿತು, ಐದಾಯಿತು. ಅಪ್ಪ ಮೇಲಿಂದ ಮೇಲೆ ಸೂರ್ಯನ ಕಡೆ ಮುಖ ಎತ್ತುತ್ತಿದ್ದ. ಅವ್ವ ಹೊರಬಂದಾಗ ನೆರಳುಗಳು ಉದ್ದವಾಗಿದ್ದವು. ಆದರೆ ಅವಳ ಮುಖದಲ್ಲಿ ನಾನು ಎಷ್ಟೋ ದಿನದಿಂದ ನೋಡದ ಗೆಲುವು. ಬಂದವರು ಮೆಚ್ಚಿ ಹೊಗಳಿ ಹೋಗಿದ್ದರು. ಅದನ್ನು ಯಾರಿಗಾದರೂ ಹೇಳಬೇಕು ಅವಳಿಗೆ. ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ನನ್ನನ್ನು ನೋಡಿದಳು.

"ಇವತ್ತೊಂದಿನರೆ ನನ್ನ ಬಾಜೂಕ ಕೂಡವಾ ಗಿರಿಜಾ."

ಅವಳು ನನ್ನನ್ನು ಹಾಗೆ ಬೇಡಿಕೊಂಡಂತೆ ಕೇಳಿದ್ದು ಅದೇ ಮೊದಲು. ನಾನು ಅಪ್ಪನ ಕಡೆ ನೋಡಿದೆ. ಅವನು ಸ್ಟೇರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದ. ಹೋಗು, ಕೂಡು ಎಂದ, ಮೆಲ್ಲಗೆ. ಬೇಡ ಎನ್ನಬಹುದಿತ್ತು ನಾನು. ಬೆಳಕು ಎಷ್ಟಿದೆ, ದಾರಿ ಎಷ್ಟಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವ್ವನ ಪಕ್ಕ ಕೂರಬೇಕು ಅನಿಸಿತು. ಕೂತೆ. ಅವಳು ತನ್ನ ಶಾಲೆಯ ಕತೆ ಹೇಳುತ್ತ ನನ್ನ ಜಡೆ ಬಿಚ್ಚಿ ಹೊಸದಾಗಿ ಹೆಣೆಯತೊಡಗಿದಳು. ಅವಳ ಕೈಯಿಂದ ಸೀಮೆಸುಣ್ಣದ ವಾಸನೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಎರಡು ವರ್ಷದಲ್ಲಿ ಆ ರಸ್ತೆಯ ಮೇಲೆ ನಾನು ಕಣ್ಣು ಮುಚ್ಚಿದ್ದು ಅದೊಂದೇ ಸಲ.

ಮಹಾಗಾಂವದ ಹತ್ತಿರ ಕಾರು ಏನನ್ನೋ ಬಡಿದು, ಎಳೆದುಕೊಂಡು ಹೋಗಿ ನಿಂತಿತು. ಬಾಳೆಹಣ್ಣುಗಳು ಕಾಲಡಿಗೆ ಉರುಳಿದವು. ಕೆಳಗಿಳಿದಾಗ ಕಂಡದ್ದು ಸೈಕಲ್ಲು, ಅದರ ಮೇಲಿಂದ ಚೆಲ್ಲಿದ ಜೋಳದ ಕಣಿಕೆ, ಮತ್ತು ರಸ್ತೆಯ ಅಂಚಿನಲ್ಲಿ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತ ವಯಸ್ಸಾದ ಮನುಷ್ಯ. ಅವನ ಹೆಸರು ಮಹಿಬೂಬಸಾಬ ಎಂದು ಆಮೇಲೆ ತಿಳಿಯಿತು. ಎಡಗಡೆಯ ಹೊಲದ ದಾರಿಯಿಂದ ಎಮ್ಮೆಗೆ ಮೇವು ಕಟ್ಟಿಕೊಂಡು ಬರುತ್ತಿದ್ದ. ಅವನ ಮುಂಗೈ ಇರಬಾರದ ರೀತಿಯಲ್ಲಿ ಬಾಗಿತ್ತು. ಹೊಲಗಳಿಂದ ಮಂದಿ ಓಡಿಬಂದರು. ಅಪ್ಪ ಕಾರಿನಿಂದಿಳಿದು ಒಂದು ಕೈ ಬಾನೆಟ್ಟಿನ ಮೇಲಿಟ್ಟು ನಿಂತಿದ್ದ. ಗಾಯವಾದವನು ಯಾವ ಕಡೆ ಇದ್ದಾನೆಂದೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಎಡಕ್ಕೆ ನೋಡುತ್ತಿದ್ದರೆ ಅವನು ಕತ್ತಲಾಗುತ್ತಿದ್ದ ರಸ್ತೆಯನ್ನು ನೋಡುತ್ತಿದ್ದ. ಇವನೇನು ಮನುಷ್ಯ, ಬಿದ್ದವನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಒಬ್ಬ ಹೇಳಿದ. ಅವ್ವ ಮಹಿಬೂಬಸಾಬನ ಪಕ್ಕ ಕೂತು ತನ್ನ ಸೆರಗಿನಿಂದ ಅವನ ಕೈ ಕಟ್ಟುತ್ತಿದ್ದಳು. ತಲೆ ಎತ್ತದೆಯೇ ಅವಳು, ನೋಡದೆ ಹಾದು ಹೋಗುವುದು ಇವರ ರೂಢಿಯೇ ಎಂದಳು. ಎಷ್ಟೋ ವರ್ಷಗಳ ಕಹಿ ಇತ್ತು ಆ ಮಾತಿನಲ್ಲಿ. ಮಂದಿಯಲ್ಲಿ ಒಬ್ಬ ಅಪ್ಪನ ಎದುರು ಬಂದು ನಿಂತ.

"ಕಣ್ಣು ಕಾಣಂಗಿಲ್ಲೇನು ನಿಮಗ?"

ಬೈಗುಳ ಅದು, ಯಾರೂ ಉತ್ತರ ಕೊಡಬೇಕಾಗಿಲ್ಲ. ಅಪ್ಪನೂ ಕೊಡಲಿಲ್ಲ. ಕೊಟ್ಟವಳು ನಾನು.

"ಕಾಣಂಗಿಲ್ರಿ. ನಮ್ಮಪ್ಪಗ ಬಾಜೂಕಿಂದು ಕಾಣಂಗಿಲ್ಲ. ಸಂಜಿಕ ಏನೂ ಕಾಣಂಗಿಲ್ಲ."

ಅವ್ವ ಎದ್ದು ನಿಂತಳು. ನಿಧಾನವಾಗಿ ನಡೆದು ಅಪ್ಪನ ಪಕ್ಕಕ್ಕೆ ಬಂದಳು, ಎದುರಿಗಲ್ಲ. ಅವನ ಕಿವಿಯ ಹತ್ತಿರ ಕೈ ಎತ್ತಿದಳು. ಅಪ್ಪ ಕದಲಲಿಲ್ಲ. ಕೈಯನ್ನು ಸ್ವಲ್ಪ ಮುಂದೆ ತಂದಳು, ಕೆನ್ನೆಯ ತನಕ, ಇನ್ನೂ ಸ್ವಲ್ಪ, ಮೂಗಿನ ತನಕ. ಆ ಅರೆಬೆಳಕಿನಲ್ಲಿ ಅವಳ ಬೆರಳು ಅವನ ಕಣ್ಣಿನ ನೇರಕ್ಕೆ ಬಂದ ಮೇಲೂ ಅವನು ರೆಪ್ಪೆ ಬಡಿಯಲಿಲ್ಲ. ಅವಳು ಆ ಕೈಯನ್ನು ಅವನ ಮುಖದ ಮೇಲೆ ಇಟ್ಟಳು. ಅಪ್ಪ ಬೆಚ್ಚಿಬಿದ್ದ. ಯಾರು ಎಂದ. ಅಷ್ಟು ಮಂದಿಯ ನಡುವೆ ಅವ್ವ, ನಾನು ಎಂದಳು. ಅವರಿಬ್ಬರೂ ನನ್ನ ಮೂಲಕವಲ್ಲದೆ ಆಡಿದ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ ನನಗೆ ನೆನಪಿರಲಿಲ್ಲ.

ಅಲ್ಲಿಯ ಟೆಂಪೋ ಓಡಿಸುವವನೊಬ್ಬ ನಮ್ಮ ಕಾರನ್ನು ಓಡಿಸಿ ಎಲ್ಲರನ್ನೂ ನಮ್ಮೂರಿನ ಆಸ್ಪತ್ರೆಗೆ ತಂದ. ಮಹಿಬೂಬಸಾಬ ಅವನ ಪಕ್ಕ ಮುಂದಿನ ಸೀಟಿನಲ್ಲಿ ಒರಗಿದ್ದ. ನೋವಿನಲ್ಲೂ ಹಿಂದಕ್ಕೆ ತಿರುಗಿ, ಮೊದಲೇ ಹೇಳಿದ್ದರೆ ನಾನೇ ರಸ್ತೆ ಬಿಟ್ಟು ನಿಲ್ಲುತ್ತಿದ್ದೆನಲ್ಲ ಸಾಬ್ ಎಂದು ದಖನಿ ಉರ್ದುವಿನಲ್ಲಿ ಅಪ್ಪನಿಗೆ ಹೇಳಿದ. ಅವನ ಮೂಳೆ ಕೂಡಿತು, ಆದರೆ ಆ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಸುಗ್ಗಿ ಮುಗಿಯುವ ತನಕ ಅವನ ಎಮ್ಮೆಯ ಮೇವಿಗೆ ಆಳು ಗೊತ್ತುಮಾಡಿದ್ದು ಅವ್ವ.

ಆಮೇಲಿನ ದಿನಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ನಾನು ನಡುಮನೆಯ ಕತ್ತಲಲ್ಲಿ ಕೂತು ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತ ತನ್ನ ನೆನಪಿನಲ್ಲಿದ್ದ ಒಂದೊಂದು ನೋವನ್ನೂ ತೆಗೆದು ಅಪ್ಪನ ಮುಂದಿಟ್ಟಳು. ಪಂಚಮಿಯ ಉಂಡಿ ಬುಟ್ಟಿ? ಕಾಣಲಿಲ್ಲ ಎಂದ ಅಪ್ಪ. ನಮ್ಮಣ್ಣ ಕೈಮುಗಿದು ನಿಂತಿದ್ದ. ಕಾಣಲಿಲ್ಲ. ನಾನು ಹೊಸ ಸೀರೆ ಉಟ್ಟು ಪಕ್ಕದಲ್ಲೇ ನಿಂತಿದ್ದೆ, ಆ ದಿನ? ಕಾಣಲಿಲ್ಲ. ಪ್ರತಿ ಉತ್ತರಕ್ಕೂ ರೊಟ್ಟಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಕೊನೆಗೆ ಅವಳು ಕಮಲಾಪುರದ ಆರ್ಡರು ಬಂದ ದಿನದ ಮಾತು ತೆಗೆದಳು. ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ನೀವು ನನ್ನನ್ನು ದಾಟಿ ಹೋದಿರಿ ಎಂದಳು. ಈ ಸಲ ಅಪ್ಪ ಕಾಣಲಿಲ್ಲ ಎನ್ನಲಿಲ್ಲ.

"ಅದು ಕಂಡಿತ್ತು. ನೀ ಹೋಗ್ತಿ ಅಂತ ಗೊತ್ತಾತು. ನೋಡೂದೇ ಬ್ಯಾಡ ಅನಿಸ್ತು."

ರೊಟ್ಟಿಯ ಸದ್ದು ಪೂರ್ತಿ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂದರೂ ಯಾರೂ ಎದ್ದ ಸದ್ದಾಗಲಿಲ್ಲ. ನಾನು ಒಳಗೆ ಹೋಗಿ ಅದನ್ನು ತೆಗೆಯಬೇಕೆಂದು ಎದ್ದವಳು, ಬಾಗಿಲ ತನಕ ಹೋಗಿ ಹಿಂದೆ ಬಂದೆ. ಅವರಿಬ್ಬರಿಗೂ ಅಲ್ಲಿ ನಾನು ಬೇಕಿರಲಿಲ್ಲ.

ಅವ್ವ ಕಾರು ಕಲಿತಳು. ಕೋಟನೂರ ಆಗಿನ್ನೂ ಊರಿಂದ ದೂರ. ಅದರ ಪಕ್ಕದ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಅಪ್ಪನೇ ಕಲಿಸುತ್ತಿದ್ದ. ಉದ್ದ ಸೀಟಿನ ಮೇಲೆ ಅವಳಿಗೆ ಅಂಟಿ ಕೂತು, ಅವಳ ಕೈ ಮೇಲೆ ಕೈ ಇಟ್ಟು ಗೇರು ಹಾಕಿಸುತ್ತಿದ್ದ. ಕಾರು ಕುಪ್ಪಳಿಸಿ ನಿಲ್ಲುತ್ತಿತ್ತು, ಇಬ್ಬರೂ ನಗುತ್ತಿದ್ದರು. ಓಣಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ಅವಳೇ. ಕಮಲಾಪುರದ ಕೋಣೆ ಬಿಟ್ಟು, ದಿನವೂ ಮನೆಯಿಂದಲೇ ಶಾಲೆಗೆ ಹೋಗಿ ಬರತೊಡಗಿದಳು. ಶ್ವೇತಾಳ ಕಾರಿನಲ್ಲಿ ಎರಡು ಸೀಟುಗಳ ನಡುವೆ ಮೊಣಕೈ ಎತ್ತರದ ದಿಂಡು ಇದೆ, ಇಬ್ಬರು ಎಷ್ಟೇ ಪ್ರೀತಿಯವರಾದರೂ ಅದರ ಆಚೆ ಈಚೆಯೇ ಕೂರಬೇಕು. ನಮ್ಮ ಕಾರಿನಲ್ಲಿ ಅಪ್ಪ ಅವ್ವನ ನಡುವೆ ಏನೂ ಇರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತು ಅವರ ಎರಡು ತಲೆಗಳ ಹಿಂಭಾಗ ನೋಡುತ್ತಿದ್ದೆ. ಹಿಂದಿನ ಸೀಟಿನಿಂದ ರಸ್ತೆ ಬಹಳ ಕಡಿಮೆ ಕಾಣುತ್ತಿತ್ತು.

ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಇಬ್ಬರೂ ನನ್ನ ಮೇಲೆ ಒಂದೊಂದು ಬೇಸರ ಉಳಿಸಿಕೊಂಡರು. ಅವ್ವ ಒಂದೇ ಒಂದು ಸಲ, ಬಟ್ಟೆ ಹಿಂಡುತ್ತ, ನೀನಾದರೂ ನನಗೆ ಹೇಳಬೇಕಿತ್ತು, ಎರಡು ವರ್ಷ ಹೇಗೆ ಸುಮ್ಮನಿದ್ದೆ ಎಂದಳು. ಅದು ಪ್ರಶ್ನೆಯಾಗಿರಲಿಲ್ಲ, ನನ್ನ ಉತ್ತರಕ್ಕೆ ಕಾಯಲಿಲ್ಲ. ಅಪ್ಪ ಏನೂ ಹೇಳಲಿಲ್ಲ. ಆದರೆ ಅವನು ನನ್ನನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ. ಕಚೇರಿಗೆ ಕೈ ಹಿಡಿದು ಬಿಟ್ಟು ಬರುವುದು, ಕಾಗದ ಓದಿ ಹೇಳುವುದು, ತಾಟಿನಲ್ಲಿ ಪಲ್ಯ ಯಾವ ಕಡೆ ಇದೆ ಎನ್ನುವುದು ಎಲ್ಲ ಅವ್ವನ ಪಾಲಾಯಿತು. ನಾನು ಕೊಟ್ಟ ಮಾತು ಮಂದಿಯ ಮುಂದೆ ಮುರಿದವಳು. ಮುರಿಯದೆ ಇದ್ದರೂ ತಪ್ಪು, ಮುರಿದರೂ ತಪ್ಪು ಎಂದು ಯಾರ ಹತ್ತಿರ ಹೇಳಲಿ? ಹೇಳುವ ರೂಢಿಯೂ ನನಗೆ ತಪ್ಪಿಹೋಗಿತ್ತು. ಮುಂದೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ಎಲ್ಲರ ಗುಟ್ಟುಗಳೂ ನನ್ನ ಮೇಜಿಗೆ ಬಂದವು, ಯಾವುದೂ ಹೊರಗೆ ಹೋಗಲಿಲ್ಲ. ನನ್ನದನ್ನು ಮಾತ್ರ ಯಾರ ಮೇಜಿಗೂ ಒಯ್ಯುವುದು ನನಗೆ ಬರಲಿಲ್ಲ. ಮದುವೆಯ ಮಾತುಗಳು ಬಂದು ಹೋದವು. ಕಾರು ಕಲಿಯಬೇಕೆಂದು ಯಾವತ್ತೂ ಅನಿಸಲಿಲ್ಲ.

ಅವ್ವನಿಗೆ ಊರಿಗೇ ವರ್ಗವಾದ ಮೇಲೆ ಕಾರು ಮಾರಿದರು. ಅಪ್ಪನ ಕ‌ಣ್ಣಿನ ಆ ಸಣ್ಣ ಸುತ್ತೂ ಮುಚ್ಚಿಹೋಗಿ, ಅವನು ಕಚೇರಿ ಬಿಟ್ಟ. ಸಂಜೆ ಪಡಸಾಲೆಯಲ್ಲಿ ಅವ್ವ ಅವನಿಗೆ ಪೇಪರು ಓದಿ ಹೇಳುತ್ತಿದ್ದಳು. ಓದಿಗಿಂತ ಮಾತೇ ಹೆಚ್ಚು. ಎಷ್ಟೋ ವರ್ಷ ಆಡದೆ ಉಳಿಸಿದ ಮಾತುಗಳೆಲ್ಲ ಹೊರಬರುತ್ತಿದ್ದ ಹಾಗಿತ್ತು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ನಡುಮನೆಯ ಪಕ್ಕದ ಸಣ್ಣ ಕೋಣೆ ನನ್ನದು. ಪುಸ್ತಕ ತೆರೆದಿಟ್ಟು ಅವರ ದನಿಗಳನ್ನು ಕೇಳುತ್ತ ಕೂರುತ್ತಿದ್ದೆ. ನನ್ನ ಹೆಸರು ಆ ಮಾತುಗಳಲ್ಲಿ ಬರುತ್ತದೆಯೇ ಎಂದು ಮೊದಮೊದಲು ಕಿವಿಗೊಡುತ್ತಿದ್ದೆ, ಆಮೇಲೆ ಬಿಟ್ಟೆ.

ಒಂದು ದಿನ ಮಧ್ಯಾಹ್ನ ಅವ್ವ ಶಾಲೆಯಲ್ಲಿದ್ದಳು. ನಾನು ಕೋಣೆಯಲ್ಲಿ ಕೂತು ಅಳುತ್ತಿದ್ದೆ. ಯಾಕೆಂದು ಈಗ ನೆನಪಿಲ್ಲ. ಆ ವಯಸ್ಸಿನಲ್ಲಿ ಅಳಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಸದ್ದಿಲ್ಲದೆ ಅಳುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಪಡಸಾಲೆಯಿಂದ ಗೋಡೆ ಹಿಡಿದು ನಡೆದು ಬಂದ. ನನ್ನ ಕೋಣೆಯ ಬಾಗಿಲಿಗೆ ಅವನು ತಾನಾಗಿ ಬಂದದ್ದು ಅದೇ ಮೊದಲು. ಚೌಕಟ್ಟನ್ನು ಎರಡೂ ಕೈಯಿಂದ ಸವರಿ, ಎತ್ತರ ನೋಡಿಕೊಂಡು, ತಲೆ ಬಾಗಿಸಿ ನಿಂತ. ಏನೋ ಹೇಳಬೇಕೆಂದು ಬಹಳ ದಿನದಿಂದ ಜೋಡಿಸಿಕೊಂಡು ಬಂದವನ ಹಾಗಿತ್ತು ಅವನ ಮುಖ. ಕೊನೆಗೆ ಇಷ್ಟೇ ಕೇಳಿದ:

"ನೀ ಹ್ಯಾಂಗ ಅದೀ ಗಿರಿಜಾ?"

ಆ ಮನೆಯಲ್ಲಿ ಯಾರೂ ನನ್ನನ್ನು ಕೇಳದಿದ್ದ ಮಾತು. ಉಸಿರು ಎಳೆದುಕೊಂಡೆ, ಗಂಟಲು ಸರಿಮಾಡಿಕೊಂಡೆ.

"ಚಲೋ ಅದೀನಿ ಅಪ್ಪ."

ದನಿ ಸ್ವಲ್ಪವೂ ನಡುಗಲಿಲ್ಲ. ಅಪ್ಪ ನನಗಿಂತ ಒಂದು ಗೇಣು ಬಲಕ್ಕೆ, ಗೋಡೆಯ ಕಡೆ ನೋಡಿ, ತೃಪ್ತಿಯಿಂದ ತಲೆಯಾಡಿಸಿದ. ಹಿಂದಿರುಗಿ, ಗೋಡೆ ಸವರುತ್ತ ಪಡಸಾಲೆಗೆ ಹೋದ. ನಾನು ಕಣ್ಣು ಒರೆಸಿಕೊಳ್ಳುವ ಅಗತ್ಯವೂ ಇರಲಿಲ್ಲ.